ಎಲ್ಲರ ಬೆಲ್ಲ

ಸಿದ್ದರಾಜು ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ನನಗೆ ಸಲೀಸಾಗುತ್ತಿತ್ತು. ನಾಲ್ಕು ಬೈದು, ಎಲೆಯಡಿಕೆ ಉಗಿದು ಎದ್ದು ಹೋಗುತ್ತಿದ್ದೆ. ಅವನು ಕೆಟ್ಟವನಲ್ಲ, ತೊಂದರೆ ಇರುವುದೇ ಅಲ್ಲಿ. ಮೂರು ವರ್ಷ ನಮ್ಮ ಹನ್ನೊಂದು ಮನೆಗಳನ್ನು ಅಂಗೈಯಲ್ಲಿ ಹಿಡಿದಿದ್ದವನು ಒಂದು ಚೂರು ಬೆಲ್ಲವನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಹಾಗಂತ ಅವನನ್ನು ದೇವರು ಮಾಡಿ ಕೂರಿಸಲಿಕ್ಕೂ ನಾನು ತಯಾರಿಲ್ಲ. ನನ್ನ ದೊಡ್ಡವ್ವ ಹೊಂಬಾಳಮ್ಮನನ್ನು ಆಲೆಮನೆಯಿಂದ ಎಬ್ಬಿಸಿ ಕಳಿಸಿದವನು ಅವನು. ಕಳಿಸಲು ಕೈ ಎತ್ತಿದವನು ನಾನು.

ನನ್ನ ಹೆಸರು ಜವರಯ್ಯ. ಊರು ಹೊಂಗೆದೊಡ್ಡಿ. ಮದ್ದೂರಿನಿಂದ ಗೆಜ್ಜಲಗೆರೆ ಕಡೆಗೆ ಹೋಗುವಾಗ ನಾಲೆಯ ಆಚೆ ಕಾಣುವ ಇಪ್ಪತ್ತು ಇಪ್ಪತ್ತೈದು ಮನೆಗಳೇ ನಮ್ಮ ದೊಡ್ಡಿ. ಬೇಸಾಯ ಎಲ್ಲರೂ ಮಾಡುತ್ತಾರೆ, ನನ್ನ ಹೆಚ್ಚುಗಾರಿಕೆ ಪಾಕ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಬೆಲ್ಲವಾಗುವ ಒಂದು ಗಳಿಗೆ ಇರುತ್ತದೆ. ಸ್ವಲ್ಪ ಮುಂಚೆ ಇಳಿಸಿದರೆ ಅಂಟು, ಸ್ವಲ್ಪ ತಡವಾದರೆ ಸೀದು ಕಪ್ಪು. ಅದನ್ನು ನೋಡಿ ಇಳಿಸಿ ಎನ್ನುವವನು ನಾನು. ಬೆಂಕಿಯ ಮುಂದೆ ನಿಂತು ನಿಂತು ನಿನ್ನ ಬಾಯಿಯೂ ಬೆಂಕಿಯಾಗಿದೆ ಎಂದು ನನ್ನ ಹೆಂಡತಿ ಬೆಟ್ಟಮ್ಮ ಹೇಳುತ್ತಾಳೆ. ಇರಬಹುದು. ಆ ಬಾಯಿ ಬೇಕಾದ ದಿನ ಮಾತ್ರ ಬರಲಿಲ್ಲ.

ಹೊಂಬಾಳಮ್ಮ ನನ್ನ ತಾಯಿಯ ಅಕ್ಕ. ನನ್ನನ್ನು ಹೆತ್ತ ಹನ್ನೆರಡನೇ ದಿನಕ್ಕೆ ನನ್ನವ್ವ ಕಣ್ಣು ಮುಚ್ಚಿದಳಂತೆ. ಅವತ್ತಿನಿಂದ ನನ್ನನ್ನು ಸೊಂಟಕ್ಕೆ ಹಾಕಿಕೊಂಡವಳು ದೊಡ್ಡವ್ವ. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ತೂಬಿನ ಪಕ್ಕ ಅವಳದು ಮೂವತ್ತು ಗುಂಟೆ ಕಬ್ಬಿನ ಗದ್ದೆ. ಆಲೆ ಆಡುವ ಕಾಲ ಬಂದರೆ ಅವಳಿಗೊಂದು ಕೆಲಸ, ಅದನ್ನು ಯಾರೂ ಹೇಳಿ ಕೊಟ್ಟದ್ದಲ್ಲ. ಇಳಿಸಿದ ಕೊಪ್ಪರಿಗೆಯ ಪಕ್ಕ ಮುತ್ತುಗದ ಎಲೆ ಹಿಡಿದು ನಿಲ್ಲುವುದು, ಬಂದವರ ಕೈಗೆ ಒಂದೊಂದು ಉಂಡೆ ಬಿಸಿಬೆಲ್ಲ ಇಡುವುದು. ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬುದು ನಮ್ಮ ತಾತನ ತಾತನ ಕಾಲದ ಕಟ್ಟಳೆ. ಬಳೆಗಾರ ಬರಲಿ, ಮಳವಳ್ಳಿ ಕಡೆಯಿಂದ ಕುರಿ ಹೊಡೆದುಕೊಂಡು ಬರುವವರು ಬರಲಿ, ಜಗಳವಾಡಿ ಮಾತು ಬಿಟ್ಟವರೇ ಬರಲಿ. ಅವಳು ಮೊದಲು ಬೆಲ್ಲ ಕೊಡುತ್ತಿದ್ದಳು, ಆಮೇಲೆ ಯಾವೂರು ಎಂದು ಕೇಳುತ್ತಿದ್ದಳು.

ಆಗ ಊರಿಗೆಲ್ಲ ಇದ್ದದ್ದು ಪಟೇಲನ ಗಾಣ ಒಂದೇ. ಕಡಿದ ಕಬ್ಬು ಕಾಯುವುದಿಲ್ಲ, ಎರಡು ದಿನ ಬಿದ್ದರೆ ಹುಳಿ ಬರುತ್ತದೆ. ಆದ್ದರಿಂದ ಯಾರಿಗೆ ಯಾವತ್ತು ಸರದಿ ಎಂದು ಹೇಳುವವನ ಕೈಯಲ್ಲೇ ಊರಿನ ಜುಟ್ಟು. ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷ, ಅಂದರೆ ಮೂವತ್ತೆಂಟರಲ್ಲಿ, ಪಟೇಲನ ಮನೆಯಲ್ಲಿ ಮದುವೆ. ದೊಡ್ಡವ್ವನಿಗೆ ಜ್ವರ, ಭತ್ತ ಕುಟ್ಟಲು ಹೋಗಲಿಲ್ಲ. ಪಟೇಲ ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಸರದಿಯನ್ನು ನಾಳೆ ನಾಳೆ ಎಂದು ಮುಂದಕ್ಕೆ ಹಾಕುತ್ತಾ ಬಂದ. ಆರನೇ ದಿನ ಅವಳ ಕಬ್ಬಿನ ಹೊರೆಯಿಂದ ಹೆಂಡದ ವಾಸನೆ ಬರುತ್ತಿತ್ತು. ಬೇಡಿಕೊಳ್ಳಲು ಹೋದವಳಿಗೆ ಅವನು ಸರದಿ ಕೊಡಲಿಲ್ಲ, ಆದರೆ ಎಲೆಯ ಮೇಲೆ ಬಿಸಿಬೆಲ್ಲ ಇಡಿಸಿ ಕಳಿಸಿದ. ಕಟ್ಟಳೆ ಮುರಿಯುವ ಧೈರ್ಯ ಅಂಥವನಿಗೂ ಇರಲಿಲ್ಲ.

ನನ್ನ ಓರಗೆಯ ಸಿದ್ದರಾಜು ಅವತ್ತು ನನ್ನ ಜೊತೆಗಿದ್ದ. ದೊಡ್ಡವ್ವ ಆ ಬೆಲ್ಲವನ್ನು ಕೈಯಲ್ಲಿ ಹಿಡಿದು ಅಳುತ್ತಾ ಬಂದದ್ದನ್ನು ನೋಡಿ ಅವನೂ ಅತ್ತ. ನಿಜವಾಗಿ ಅತ್ತ, ನಾನು ಕಣ್ಣಾರೆ ಕಂಡಿದ್ದೇನೆ. ಮಾರನೇ ವರ್ಷ ಬೆಂಗಳೂರಿನ ಮಿಲ್ಲಿಗೆ ಸೇರಿದ. ಅಲ್ಲಿ ಮುಷ್ಕರ, ಲಾಠಿ, ಜೈಲು. ನಲವತ್ತನಾಲ್ಕರಲ್ಲಿ ಊರಿಗೆ ಬಂದಾಗ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಜೊತೆಗೆ ಒಂದು ತಗಡಿನ ಪೆಟ್ಟಿಗೆ ತುಂಬ ಪುಸ್ತಕ. ಕಮ್ಯುನಿಸ್ಟ್ ಎಂಬ ಮಾತನ್ನು ನಮ್ಮೂರು ಕೇಳಿದ್ದು ಅವನ ಬಾಯಿಂದಲೇ.

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಗಾಣ ಒಬ್ಬನದಾದರೆ ಸರದಿಯೂ ಒಬ್ಬನದು, ಗಾಣ ಎಲ್ಲರದಾದರೆ ಸರದಿಯೇ ಬೇಡ ಎಂದ. ರಷ್ಯಾದಲ್ಲಿ ಬದುಗಳೇ ಇಲ್ಲವಂತೆ, ಕಣ್ಣು ಹಾಯುವ ತನಕ ಒಂದೇ ಹೊಲವಂತೆ. ಹನ್ನೊಂದು ಮನೆಯವರು ಒಪ್ಪಿ ಕೂಟ ಕಟ್ಟಿದೆವು. ಗದ್ದೆ ಒಂದು, ಎತ್ತು ಒಂದು, ಗಾಣ ಒಂದು. ಹೆಂಗಸರು ಕಾಲ್ಗಡಗ ಬಿಚ್ಚಿಕೊಟ್ಟರು, ಮಂಡ್ಯದಿಂದ ಕಬ್ಬಿಣದ ಗಾಣ ಬಂತು. ಸಿದ್ದರಾಜು ಮೊದಲ ದಿನವೇ ಒಂದು ನಿಯಮ ಇಟ್ಟ. ಮನೆಗೊಂದು ಕೈ. ಯಾವ ದೊಡ್ಡ ತೀರ್ಮಾನವಾದರೂ ಹನ್ನೊಂದು ಕೈಯೂ ಏಳಬೇಕು, ಒಂದು ಕೈ ಕೆಳಗಿದ್ದರೂ ಅದು ತೀರ್ಮಾನವಲ್ಲ. ಒಬ್ಬರನ್ನು ಹತ್ತು ಜನ ತುಳಿಯಬಾರದು ಅಂತಲೇ ಈ ನಿಯಮ ಎಂದು ಬಿಡಿಸಿ ಹೇಳಿದ. ಕೇಳಿ ನನಗೆ ಮೈ ಜುಮ್ಮೆಂದಿತು.

ದೊಡ್ಡವ್ವ ಮಾತ್ರ ಹಿಂದೆಮುಂದೆ ನೋಡಿದಳು. ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಾ ನನ್ನನ್ನು ಕೇಳಿದಳು.

"ನಾಳೆ ನಂಗೆ ಬ್ಯಾಡ ಅನ್ನುಸ್ತು ಅಂದ್ರೆ ಎಲ್ಲಿಗ್ಲಾ ಓಗ್ಲಿ? ಬದು ಅಂತ ಇದ್ರೆ ಅದರ ಮ್ಯಾಲಾದ್ರೂ ಕುಂತ್ಕತೀನಿ."

"ನಾನಿಲ್ವಾ ದೊಡ್ಡವ್ವ? ನಿನ್ನ ಯಾರಾದ್ರೂ ಎದ್ದೋಗು ಅಂದ್ರೆ ನನ್ ಕೈ ಏಳ್ತದಾ? ನನ್ ಕೈ ಏಳ್ದಿದ್ರೆ ಅದು ತೀರ್ಮಾನಾನೇ ಅಲ್ಲ ಕಣವ್ವ."

ಅವಳು ಮುದ್ದೆ ಕೋಲು ಕೆಳಗಿಟ್ಟು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಯಿತು ಎಂದಳು. ಸಿದ್ದರಾಜುವಿನ ಪುಸ್ತಕ ನಂಬಿ ಅವಳು ಮೂವತ್ತು ಗುಂಟೆ ಕೊಡಲಿಲ್ಲ, ನನ್ನ ಮಾತು ನಂಬಿ ಕೊಟ್ಟಳು.

ಬದು ಒಡೆದ ದಿನ ಊರಿಗೆ ಹಬ್ಬ. ಹನ್ನೊಂದು ಜೊತೆ ಎತ್ತು ಕಟ್ಟಿ ಈ ತುದಿಯಿಂದ ಆ ತುದಿಗೆ ಒಂದೇ ಸಾಲು ಹೊಡೆದೆವು. ಗಡಿಕಲ್ಲುಗಳನ್ನು ಕಿತ್ತು ತಂದು ಹೊಸ ಆಲೆಮನೆಯ ಒಲೆಗೆ ಸುತ್ತುಗಲ್ಲು ಮಾಡಿದೆವು. ಅದು ನನ್ನದೇ ಯೋಚನೆ, ಎಲ್ಲರೂ ಭೇಷ್ ಎಂದರು. ಬೆಂಕಿ ಕುಡಿದು ಕಲ್ಲುಗಳೆಲ್ಲ ಒಂದೇ ತರ ಕಪ್ಪಾದವು. ಯಾವುದು ಯಾರ ಗಡಿಯ ಕಲ್ಲು ಎಂದು ಒಂದೇ ತಿಂಗಳಲ್ಲಿ ಹೇಳಲಾಗದಂತಾಯಿತು.

ಮೊದಲ ಆಲೆ ಚೆನ್ನಾಗಿಯೇ ಆಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಜೀವಮಾನದಲ್ಲಿ ಅಂಥ ಮೂರು ತಿಂಗಳು ಮತ್ತೆ ಬಂದಿಲ್ಲ. ಯಾರ ಕಬ್ಬೂ ಹುಳಿ ಬರಲಿಲ್ಲ, ಯಾರೂ ಯಾರ ಬಾಗಿಲಿಗೂ ಹೋಗಿ ಕೈಕಟ್ಟಿ ನಿಲ್ಲಲಿಲ್ಲ. ದೊಡ್ಡವ್ವ ಎಲೆ ಹಿಡಿದು ನಿಂತು ಬಂದವರಿಗೆಲ್ಲ ಕೊಟ್ಟಳು. ಸಿದ್ದರಾಜುವಿಗೂ ಕೊಡಲು ಹೋದಳು. ಬೆಂಗಳೂರಿನ ಮಿಲ್ಲಿನ ಮುಷ್ಕರದವರ ಮಕ್ಕಳು ಹಸಿದಿದ್ದಾರೆ, ನಾವು ಕಳಿಸುವ ಬೆಲ್ಲ ಅವರ ಬಾಯಿಗೆ ಬೀಳುವ ತನಕ ತನಗೆ ಬೇಡ ಎಂದ. ಅವಳು ನಕ್ಕು, ಮುನಿ ಕಣೋ ನೀನು ಎಂದು ಕೆನ್ನೆ ತಟ್ಟಿದಳು.

ಎರಡನೇ ವರ್ಷ ಸಂಕ್ರಾಂತಿಗೆ ವಾರವಿರುವಾಗ ನಮ್ಮ ಕಬ್ಬಿಗೆ ಬೆಂಕಿ ಬಿತ್ತು. ಹಾಡಹಗಲು, ಗಾಳಿ ಬೀಸುವಾಗ. ಎರಡು ಎಕರೆ ಬೂದಿಯಾಯಿತು. ಯಾರು ಹಚ್ಚಿದರೋ, ಬೀಡಿಯ ಕಿಡಿಯೋ, ದೇವರಿಗೇ ಗೊತ್ತು. ಪಟೇಲನೇ ಹಚ್ಚಿಸಿದ್ದು ಎಂದು ನಾವೆಲ್ಲ ನಂಬಿದೆವು. ಉಳಿದ ಕಬ್ಬನ್ನು ಕೂಡಲೇ ಕಡಿಯಬೇಕು. ಯಾವ ಕಡೆಯಿಂದ ಕಡಿಯುವುದು, ಯಾರು ಕಾವಲು, ಯಾರು ಗಾಣಕ್ಕೆ ಎಂದು ಹನ್ನೊಂದು ಜನ ಹನ್ನೊಂದು ಮಾತಾಡುತ್ತಾ ಅರ್ಧ ದಿನ ಕಳೆದೆವು. ಆಗ ಸಿದ್ದರಾಜು, ಈ ಆಲೆ ಮುಗಿಯುವ ತನಕ ದಿನದ ತೀರ್ಮಾನ ಒಬ್ಬರ ಕೈಯಲ್ಲಿರಲಿ, ಯಾರ ಕೈಯಲ್ಲಾದರೂ ಸರಿ ಎಂದ. ನಿನ್ನದೇ ಕೈಯಲ್ಲಿರಲಿ ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಈ ಜವರಯ್ಯ. ಉಳಿದವರೂ ಎತ್ತಿದರು. ಅವತ್ತಿಗೆ ಅದು ಸರಿಯೇ ಇತ್ತು, ಕಬ್ಬು ಉಳಿಯಿತು.

ಆಲೆ ಮುಗಿಯಿತು. ಆ ಅಧಿಕಾರ ಮುಗಿಯಲಿಲ್ಲ. ಬೇಸಿಗೆಗೆ ಸರ್ಕಾರದ ಲೆವಿಯವರು ಕಡ್ಡಾಯದ ಪಾಲಿನ ರಾಗಿ ಕೇಳಿಕೊಂಡು ಬಂದರು, ಅದೊಂದು ಅಪಾಯ. ಮಳೆಗಾಲಕ್ಕೆ ಪಟೇಲ ನಾಲೆಯ ನೀರಿನಲ್ಲಿ ಕಿತಾಪತಿ ಮಾಡಿದ, ಅದೊಂದು ಅಪಾಯ. ಅಪಾಯ ಕಳೆದ ಮೇಲೆ ಎಂದು ಸಿದ್ದರಾಜು ಹೇಳುತ್ತಿದ್ದ, ನಾವು ತಲೆಯಾಡಿಸುತ್ತಿದ್ದೆವು. ಬೇಸಾಯಗಾರನಿಗೆ ಅಪಾಯ ಕಳೆಯುವುದು ಎಂದರೇನು? ಮಳೆ ಬಂದರೂ ಅಪಾಯ, ಬರದಿದ್ದರೂ ಅಪಾಯ. ನಮ್ಮಂಥ ಹೆಡ್ಡರಿಗೆ ಅಷ್ಟೂ ಹೊಳೆಯಲಿಲ್ಲ.

ಹೊಳೆದವನು ತಿಮ್ಮಯ್ಯ ಒಬ್ಬ. ನಮ್ಮ ಹನ್ನೊಂದರಲ್ಲಿ ಅವನದೂ ಒಂದು ಮನೆ, ಮಾತು ಕಡಿಮೆ. ಆ ಅಧಿಕಾರ ಇನ್ನಷ್ಟು ದಿನ ಇರಲಿ ಎಂದು ಕೈ ಎತ್ತಿಸಿದ ಒಂದು ಸಭೆಯಲ್ಲಿ, ಇನ್ನು ದಿನದ ತೀರ್ಮಾನ ಮತ್ತೆ ಎಲ್ಲರಿಗೂ ಬರಲಿ ಎಂದು ಹೇಳಿ ಕೈ ಕೆಳಗಿಟ್ಟು ಕೂತ. ಸಿದ್ದರಾಜು ಸಿಟ್ಟು ಮಾಡಲಿಲ್ಲ. ಹನ್ನೊಂದು ಕೈ ಏಳುವ ತನಕ ಸಭೆ ಮುಗಿಯುವುದಿಲ್ಲ, ಅದೇ ನಮ್ಮ ನಿಯಮ ಎಂದು ಶಾಂತವಾಗಿ ಕೂತ. ಹೊತ್ತು ನೆತ್ತಿಗೆ ಬಂತು. ಎತ್ತುಗಳಿಗೆ ನೀರು ತೋರಿಸಿರಲಿಲ್ಲ, ಮಕ್ಕಳು ಹಸಿವಿಗೆ ಅಳುತ್ತಿದ್ದವು. ಮೊದಲು ಹೆಂಗಸರು ತಿಮ್ಮಯ್ಯನನ್ನು ಬೈದರು, ಆಮೇಲೆ ಗಂಡಸರು. ನೀನು ಪಟೇಲನ ಕಡೆಯವನಾ ಎಂದು ಕೇಳಿದವನು ನಾನೇ. ಹೊತ್ತು ಇಳಿಯುವಾಗ ತಿಮ್ಮಯ್ಯ ತಲೆ ತಗ್ಗಿಸಿ ಕೈ ಎತ್ತಿದ. ಅಲ್ಲಿಂದಾಚೆಗೆ ನಮ್ಮ ಸಭೆಗಳು ಬೇಗ ಬೇಗ ಮುಗಿಯತೊಡಗಿದವು.

ಮೂರನೇ ಆಲೆ ಹೂಡಿದಾಗ ಸಿದ್ದರಾಜು ಬಿಸಿಬೆಲ್ಲ ಕೊಡುವುದನ್ನು ನಿಲ್ಲಿಸಿದ. ದಾರಿಹೋಕರ ನೆಪದಲ್ಲಿ ಪಟೇಲನ ಕಡೆಯವರು ಒಳಗೆ ಬಂದು ನೋಡಿಕೊಂಡು ಹೋಗುತ್ತಾರೆ, ಮುಷ್ಕರದವರ ಮಕ್ಕಳಿಗೆ ಕಳಿಸುವ ಬೆಲ್ಲ ಕಡಿಮೆಯಾಗುತ್ತದೆ ಎಂದ. ಎರಡೂ ನಿಜವೇ. ಆದರೂ ದೊಡ್ಡವ್ವ ಮುತ್ತುಗದ ಎಲೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ದಿನವೂ ಬಂದು ಕೊಪ್ಪರಿಗೆಯ ಪಕ್ಕ ನಿಲ್ಲುತ್ತಿದ್ದಳು. ಬಂದವರು ಬಾಗಿಲಲ್ಲೇ ನಿಂತು ವಾಸನೆ ಕುಡಿದು ಹೋಗುತ್ತಿದ್ದರು. ಅವಳು ಅವರ ಮುಖ ನೋಡಲಾರದೆ ಗೋಡೆಗೆ ತಿರುಗಿಕೊಳ್ಳುತ್ತಿದ್ದಳು. ನಾನು ಪಾಕ ನೋಡುತ್ತಿದ್ದೆ.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಮರಿಯಯ್ಯ ಬಂದ. ಅವನು ಪಟೇಲನ ಮನೆಯ ಗಾಡಿ ಹೊಡೆಯುವ ಆಳು. ಹೆಗಲ ಮೇಲೆ ನಾಲ್ಕು ವರ್ಷದ ಮಗಳು. ಮದ್ದೂರಿನ ಆಸ್ಪತ್ರೆಗೆ ತೋರಿಸಿಕೊಂಡು ನಡೆದೇ ವಾಪಸು ಬರುತ್ತಿದ್ದ, ಕೂಸಿಗೆ ಜ್ವರ ಬಿಟ್ಟಿತ್ತು, ಮೈಯಲ್ಲಿ ಮೂಳೆ ಮಾತ್ರ. ಅವನು ಏನೂ ಕೇಳಲಿಲ್ಲ, ನಿಲ್ಲಲೂ ಇಲ್ಲ. ಕೂಸು ಕೈ ಚಾಚಿತು. ದೊಡ್ಡವ್ವ ಎಲೆ ತೆಗೆದು, ಬಗ್ಗಿ, ಬೆಲ್ಲದ ಉಂಡೆ ಮಾಡಿ, ಊದಿ ಊದಿ ಆರಿಸಿ ಅದರ ಕೈಗಿಟ್ಟಳು. ಗಾಣದ ಹತ್ತಿರ ಕೆಂಪಸಿದ್ದಯ್ಯ ಇದ್ದ. ಅವನು ಹೋಗಿ ಸಿದ್ದರಾಜುವಿಗೆ ಹೇಳಿದ. ಅವನನ್ನೂ ನಾನು ಪೂರ್ತಿ ಬೈಯಲಾರೆ. ತಾನು ಹೇಳದೆ, ನೋಡಿದ ಇನ್ನೊಬ್ಬನು ಹೇಳಿಬಿಟ್ಟರೆ ಎಂದು ಅವನಿಗೆ ಭಯ. ನೋಡಿದ ಆ ಇನ್ನೊಬ್ಬ ನಾನು.

ಮಧ್ಯಾಹ್ನ ಹೊಂಗೆಮರದ ಕೆಳಗೆ ಸಭೆ. ಸಿದ್ದರಾಜು ದೊಡ್ಡವ್ವನನ್ನು ಕೂರಲು ಹೇಳಿದ, ಅವಳು ಕೂರಲಿಲ್ಲ. ಹೇಳಬೇಕಾದ್ದನ್ನೆಲ್ಲ ಮೆಲ್ಲಗೆ ಹೇಳಿದ. ಕಬ್ಬಿಗೆ ಬೆಂಕಿ ಇಟ್ಟವನ ಆಳು, ಎಲ್ಲರೂ ಒಪ್ಪಿದ ನಿಯಮ, ಹಸಿದ ಮಕ್ಕಳ ಪಾಲು. ದೊಡ್ಡವ್ವ ಕೊನೆಯ ತನಕ ಕೇಳಿಸಿಕೊಂಡಳು.

"ಸಿದ್ದ, ಬೆಲ್ಲ ಎಲ್ಲಾರ್ದೂ ಅಂತೀಯ. ಎಲ್ಲಾರ್ದೂ ಅಂದ್ಮೇಲೆ ಒಂದ್ ಚೂರು ನಂದೂ ಅಲ್ವಾ? ನನ್ ಚೂರ ನಾನ್ ಕೊಟ್ಟೆ."

"ಎಲ್ಲಾರ್ದೂ ಅಂದ್ರೆ ಯಾರೊಬ್ರುದೂ ಅಲ್ಲ ಅಂತ ಕಣವ್ವ."

"ಅಂಗಂದ್ರೆ ಆ ಪಟೇಲನೇ ವಾಸಿ. ಅವನ್ದು ಅಂತ ಇತ್ತು, ಅದ್ಕೇ ಕೊಟ್ಟ."

ಈ ಮಾತು ಅವಳು ಆಡಬಾರದಿತ್ತು. ಜನ ಗುಜುಗುಜು ಎಂದರು. ಸಿದ್ದರಾಜುವಿನ ಮುಖ ಬಿಳಿಚಿಕೊಂಡಿತು. ಆದರೂ ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡು, ಇಲ್ಲಿಗೇ ಬಿಡೋಣ ಎಂದ. ನಾನು ಮನಸ್ಸಿನಲ್ಲೇ ಹೇಳು ದೊಡ್ಡವ್ವ, ಹೇಳಿಬಿಡು ಎಂದು ಕೈಮುಗಿಯುತ್ತಿದ್ದೆ. ಕೊಟ್ಟದ್ದು ತಪ್ಪು ಅನ್ನಲಿಕ್ಕೆ ತನಗೆ ನಾಲಿಗೆ ಏಳುವುದಿಲ್ಲ ಎಂದಳು. ಹಾಗಾದರೆ ಹೊಂಬಾಳಮ್ಮ ಕೂಟದಿಂದ ಹೊರಗೆ ಎಂದು ಸಿದ್ದರಾಜು ತನ್ನ ಕೈ ಎತ್ತಿದ, ಆ ಮಡಚದ ಬೆರಳಿನ ಎಡಗೈ.

ಕೆಂಪಸಿದ್ದಯ್ಯನದು ಎದ್ದಿತು. ತಿಮ್ಮಯ್ಯನದೂ ಎದ್ದಿತು, ಅವನು ಕಣ್ಣು ಮುಚ್ಚಿಕೊಂಡಿದ್ದ. ಒಂಬತ್ತು ಕೈ ಎದ್ದವು. ಯಾವಾಗಲೂ ಮೊದಲು ಏಳುವ ನನ್ನ ಕೈ ತೊಡೆಯ ಮೇಲೆ ಬಿದ್ದಿತ್ತು. ನಾನು ಏನು ಯೋಚಿಸಿದೆ ಎಂದು ಹೇಳುತ್ತೇನೆ, ಮುಚ್ಚುಮರೆ ಯಾಕೆ. ಎತ್ತದಿದ್ದರೆ ಸಂಜೆ ತನಕ ಕೂರಿಸುತ್ತಾರೆ. ಪಟೇಲನ ಕಡೆಯವನು ಎನ್ನುತ್ತಾರೆ. ನನ್ನನ್ನೂ ಹೊರಗೆ ಹಾಕಿದರೆ ಬೆಟ್ಟಮ್ಮನನ್ನು, ಮೂರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ನನ್ನ ಗದ್ದೆಯ ಬದು ಎಲ್ಲಿದೆ? ನನ್ನ ಎತ್ತು ಯಾರ ಕೊಟ್ಟಿಗೆಯಲ್ಲಿದೆ? ದೊಡ್ಡವ್ವ ಮುದ್ದೆ ತೊಳಸುತ್ತಾ ಕೇಳಿದ ಪ್ರಶ್ನೆ ಅದು. ಅವತ್ತು ನಾನು ನನ್ನ ಕೈಯನ್ನೇ ಉತ್ತರವಾಗಿ ಕೊಟ್ಟಿದ್ದೆ.

ಅವಳು ನನ್ನ ಕಡೆ ತಿರುಗಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಎತ್ತು ಜವರ," ಎಂದಳು. "ನಿಂಗೂ ಎಡ್ತಿ ಮಕ್ಕಳವೆ."

ಎತ್ತಿದೆ. ಅವಳೇ ಹೇಳಿದಳು ಎಂದು ಎತ್ತಿದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಅವಳು ಹೇಳದಿದ್ದರೂ ಎತ್ತುತ್ತಿದ್ದೆ, ಅದು ಅವಳಿಗೆ ಗೊತ್ತಿತ್ತು. ನನ್ನ ಮಾತು ನನ್ನ ಕೈಯಿಂದ ಮುರಿಯದಿರಲಿ ಎಂದು ಅವಳೇ ಮುರಿದುಕೊಟ್ಟಳು.

ಹತ್ತು ಕೈಗಳಾದವು. ಹನ್ನೊಂದನೆಯ ಮನೆ ಅವಳದೇ. ಅವಳು ಸೆರಗು ಸರಿಮಾಡಿಕೊಂಡು, ಹನ್ನೊಂದು ಆಗಬೇಕಲ್ಲಪ್ಪ ತಗೋ ಎಂದು ತನ್ನ ಕೈಯನ್ನೂ ಎತ್ತಿದಳು.

ಬಟ್ಟೆಯ ಗಂಟು ಹಿಡಿದು ಹೊರಟಾಗ ತನ್ನ ಮೂವತ್ತು ಗುಂಟೆ ಕೇಳಿದಳು. ಬಿಟ್ಟು ಹೋದವರ ಭೂಮಿ ಕೂಟಕ್ಕೇ ಎಂದು ಸಿದ್ದರಾಜು ಹೇಳಿದ. ಕೊಡುತ್ತೇನೆ ಎಂದಿದ್ದರೂ ತೋರಿಸಲು ಬದು ಎಲ್ಲಿತ್ತು? ಆಲೆಮನೆಯ ಮುಂದೆ ಹಾದು ನಾಲೆಯ ಏರಿ ಹತ್ತಿದಳು. ನಮ್ಮ ಕಡೆ ಹೊರಟವರಿಗೆ ಹೋಗಿ ಬಾ ಎನ್ನಬೇಕು, ಹೊಸಲು ದಾಟುವ ಭಿಕ್ಷುಕನಿಗೂ ಅನ್ನುತ್ತೇವೆ. ಹತ್ತು ಮನೆಯವರು ನಿಂತಿದ್ದೆವು, ಒಬ್ಬರೂ ಅನ್ನಲಿಲ್ಲ.

ಹೊಳಲಿನಲ್ಲಿ ಅವಳ ಗಂಡನ ತಂಗಿಯ ಮಗಳು ಚಿಕ್ಕಬೋರಮ್ಮ ಇದ್ದಳು. ದೊಡ್ಡವ್ವ ಅಲ್ಲಿ ಸೇರಿ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಾಳೆ ಎಂದು ತಿಳಿಯಿತು. ಯುಗಾದಿಯ ಹಿಂದಿನ ದಿನ ನಾನು ಆಲೆಮನೆಯಿಂದ ಒಂದು ಅಚ್ಚು ಬೆಲ್ಲ ಕದ್ದು ತಲೆವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. ಮುಂಡಾಸಿನೊಳಗೆ ಬೆಲ್ಲ ಕದ್ದುಕೊಂಡು ಹೋಗುವ ಪಾಕದ ಜವರಯ್ಯನನ್ನು ನೋಡಬೇಕಿತ್ತು ನೀವು. ಅವಳು ಇಳಿದುಹೋಗಿದ್ದಳು, ಕೆಮ್ಮುತ್ತಿದ್ದಳು. ಬೆಲ್ಲ ಕೈಗಿಟ್ಟೆ.

"ಕೇಳಿ ತಂದ್ಯಾ?" ಎಂದಳು.

ಹೂಂ ಎಂದೆ. ಅವಳು ಮತ್ತೆ ಕೇಳಲಿಲ್ಲ. ಬೆಟ್ಟಮ್ಮ, ಮಕ್ಕಳು, ಗಾಣದ ಎತ್ತುಗಳು ಎಲ್ಲರ ಸುದ್ದಿ ಕೇಳಿದಳು. ಸಿದ್ದ ಊಟ ಮಾಡುತ್ತಾನಾ ಎಂದೂ ಕೇಳಿದಳು. ನನಗೆ ಸಿಟ್ಟು ಬಂತು, ಅವನ ಸುದ್ದಿ ಯಾಕೆ ಎಂದು ರೇಗಿದೆ. ಬರುವಾಗ ಬಾಗಿಲ ತನಕ ಬಂದು, ಹೋಗಿ ಬಾ ಮಗ ಎಂದಳು.

ಆ ವರ್ಷ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರಿಗೆ ಬರಲಿಲ್ಲವೆಂದು ಸೆಪ್ಟೆಂಬರಿನಲ್ಲಿ ಚಳವಳಿ ಎದ್ದಿತು. ಬಾವುಟ ಹಿಡಿದು ಮದ್ದೂರಿಗೆ ಹೋದ ಸಿದ್ದರಾಜುವನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವನು ಹೋಗಿ ಮೂರನೇ ದಿನಕ್ಕೆ ನಮ್ಮ ಕೂಟ ಒಡೆಯಿತು. ಯಾರೂ ಒಡೆಯೋಣ ಎಂದು ಹೇಳಲಿಲ್ಲ, ಕೈಯೂ ಎತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕೆಂಪಸಿದ್ದಯ್ಯ ಹಗ್ಗ ಹಿಡಿದು ಗದ್ದೆಯಲ್ಲಿ ಅಳೆಯುತ್ತಿದ್ದ. ಒಬ್ಬೊಬ್ಬರಾಗಿ ಗುದ್ದಲಿ ತಂದರು. ಇಷ್ಟು ದಿನ ಎಲ್ಲ ಒಂದೇ ಎಂದವರು ಒಂದು ಮೊಳ ನೆಲಕ್ಕೆ ತಲೆ ಒಡೆದುಕೊಂಡರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನಮಗೆ ಅದೂ ಬರಲಿಲ್ಲ.

ನಾನು ನನ್ನದನ್ನು ಬಿಟ್ಟು ಮೊದಲು ತೂಬಿನ ಪಕ್ಕ ಮೂವತ್ತು ಗುಂಟೆ ಅಳೆದು ಬದು ಹಾಕಿದೆ. ಅಡ್ಡ ಬಂದವರಿಗೆ ಗುದ್ದಲಿ ತೋರಿಸಿದೆ. ಒಲೆಯಿಂದ ನಾಲ್ಕು ಕರಿಕಲ್ಲು ಕಿತ್ತು ನಾಲ್ಕು ಮೂಲೆಗೆ ನೆಟ್ಟೆ. ತಿಮ್ಮಯ್ಯ ಬಂದು ಸುಮ್ಮನೆ ಕಲ್ಲು ಹೊರಲು ಕೈ ಕೊಟ್ಟ. ಅವತ್ತೇ ಗಾಡಿ ಕಟ್ಟಿಕೊಂಡು ಹೊಳಲಿಗೆ ಹೋದೆ, ಅವಳನ್ನು ಕೂರಿಸಿಕೊಂಡು ಬರಬೇಕೆಂದು ಗಾಡಿಗೆ ಹುಲ್ಲು ಹಾಸಿದ್ದೆ.

ಬಾಗಿಲಲ್ಲಿ ಚಿಕ್ಕಬೋರಮ್ಮ ಕೂತಿದ್ದಳು. ದೊಡ್ಡವ್ವ ಹೋಗಿ ಒಂಬತ್ತು ದಿನವಾಗಿತ್ತು. ಮಳೆಯಲ್ಲಿ ನೆನೆದು ಕೆಮ್ಮು ಎದೆಗೆ ಇಳಿಯಿತಂತೆ. ಹೇಳಿ ಕಳಿಸಲಿಲ್ಲ ಯಾಕೆ ಎಂದು ಅವಳ ಮೇಲೆ ಕೂಗಾಡಿದೆ. ಬೇಡ, ಅವನು ಇಲ್ಲಿಗೆ ಬಂದರೆ ಅಲ್ಲಿ ಅವನಿಗೆ ತೊಂದರೆಯಾಗುತ್ತದೆ ಎಂದು ದೊಡ್ಡವ್ವನೇ ತಡೆದಳಂತೆ. ನಾನು ಆ ಜಗುಲಿಯ ಮೇಲೆ ಕೂತು ಅತ್ತೆ. ನಲವತ್ತು ವರ್ಷದ ಗಂಡಸು ಹೆಂಗಸಿನ ಹಾಗೆ ಅಳುತ್ತಾನೆಂದು ಬೀದಿಯವರು ನೋಡಿದರು, ನೋಡಲಿ.

ಚಿಕ್ಕಬೋರಮ್ಮ ಒಳಗೆ ಹೋಗಿ ರಾಗಿಯ ಮಡಕೆಯಿಂದ ಒಂದು ಬಟ್ಟೆಯ ಗಂಟು ತಂದಳು. ನಾನು ಯುಗಾದಿಗೆ ಕೊಟ್ಟ ಬೆಲ್ಲ. ಅಚ್ಚಿನಲ್ಲಿ ಕಾಲು ಭಾಗ ಉಳಿದಿತ್ತು. ದೊಡ್ಡವ್ವ ತಾನು ತಿನ್ನಲಿಲ್ಲವಂತೆ. ಬಾಗಿಲಿಗೆ ಬಂದವರಿಗೆಲ್ಲ ಚೂರು ಚೂರು ಕೊಟ್ಟಳಂತೆ. ಈ ಕಾಲು ಭಾಗವನ್ನು ಮಾತ್ರ ಯಾರೂ ಮುಟ್ಟಬೇಡಿ ಎಂದಳಂತೆ. ಅದು ಸಿದ್ದನಿಗೆ, ಅವನು ಒಂದು ಸಲವೂ ತಿಂದಿಲ್ಲ ಎಂದಳಂತೆ.

ದೀಪಾವಳಿ ಕಳೆದ ಮೇಲೆ ಆಲೆ ಹೂಡಿದೆವು. ಗಾಣವನ್ನು ಹೇಗೆ ಪಾಲು ಮಾಡುವುದು? ಸರದಿಯ ಮೇಲೆ ಇಟ್ಟುಕೊಂಡಿದ್ದೆವು, ಸರದಿ ಹೇಳುವವನು ಕೆಂಪಸಿದ್ದಯ್ಯ. ಅವನ ಬಾಗಿಲಲ್ಲಿ ಜನ ನಿಲ್ಲುವುದು ಆ ಹೊತ್ತಿಗಾಗಲೇ ಶುರುವಾಗಿತ್ತು. ನನ್ನ ಸರದಿಯ ದಿನ ಮಧ್ಯಾಹ್ನ ಸಿದ್ದರಾಜು ಬಂದ. ಜೈಲಿನಿಂದ ಬಿಟ್ಟಿದ್ದರು. ಅವನ ಪಾಲಿನ ಗದ್ದೆಯನ್ನು ಅವನ ಅಣ್ಣಂದಿರು ಉತ್ತುಕೊಂಡಿದ್ದರು. ಒಳಗೆ ಬರಲಿಲ್ಲ, ಪುಸ್ತಕದ ತಗಡಿನ ಪೆಟ್ಟಿಗೆ ಕೆಳಗಿಟ್ಟು ದಾರಿಹೋಕರು ನಿಲ್ಲುವ ಜಾಗದಲ್ಲಿ ನಿಂತ.

ದೊಡ್ಡವ್ವ ಹೋದಳೆಂದು ಕೇಳಿದ್ದನಂತೆ. ಪಾಕ ಇಳಿಸಿದೆವು. ಅವನು ಅಲ್ಲೇ ಇದ್ದ.

"ಜವರ, ಅವತ್ತು ನಿನ್ ಕೈ ಏಳಕಿಲ್ಲ ಅಂತ ನಂಬಿದ್ದೆ ಕಣ್ಲಾ," ಎಂದ. "ಒಂದ್ ಕೈ ಕೆಳಗಿದ್ದಿದ್ರೆ ಸಾಕಾಗಿತ್ತು. ನಿಯಮ ಅಂತ ಯೋಳಿ ಬುಟ್ಬುಡ್ತಿದ್ದೆ."

ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ಕೈಯಲ್ಲಿದ್ದ, ಪಾಕ ಕದಡುವ ಬಿಸಿ ಹುಟ್ಟನ್ನು ಅವನ ಮೇಲೆ ಎತ್ತಿದೆ.

"ನೀನೇ ಬುಡಬೋದಿತ್ತಲ್ಲಲೇ? ನಾವು ನಿಂಗೆ ಎದ್ರುಕೊಂಡು ಎತ್ತಿದ್ದು."

"ನಾನ್ ಬುಟ್ಟಿದ್ರೆ ತಿಮ್ಮಯ್ಯ ಏನಂತಿದ್ದ? ಅವನ್ನ ಸಂಜೆಗಂಟ ಕೂರಿಸ್ದೆ, ಇವಳ್ನ ಯಾಕೆ ಬುಟ್ಟೆ ಅಂತ ನೀನೇ ಕೇಳ್ತಿದ್ದೆ. ನಾನೂ ನಿಮ್ಗೇ ಎದ್ರುಕೊಂಡಿದ್ದೆ ಕಣ್ಲಾ."

ಹುಟ್ಟು ಕೆಳಗಿಳಿಯಿತು. ಅವನು ಹೇಳಿದ್ದು ನಿಜವೋ, ತನ್ನ ಪಾಪ ನನಗೆ ಹಂಚಲು ಹೇಳಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳುತ್ತಿದ್ದೆ ಎಂಬುದು ಮಾತ್ರ ನಿಜ. ತಿಮ್ಮಯ್ಯನನ್ನು ಪಟೇಲನ ಕಡೆಯವನಾ ಎಂದು ಕೇಳಿದ ಬಾಯಿ ಇದೇ. ಅವನ ರಷ್ಯಾದಲ್ಲೂ ಮೊದಲು ಕೈ ಎತ್ತಿದ ಒಬ್ಬ ಜವರಯ್ಯ ಇದ್ದೇ ಇರುತ್ತಾನೆ. ಅವನಿಗೂ ಒಬ್ಬಳು ದೊಡ್ಡವ್ವ ಇದ್ದಿರಬೇಕು.

ಗೂಡಿನಲ್ಲಿಟ್ಟಿದ್ದ ಬಟ್ಟೆಯ ಗಂಟು ತಂದೆ. ಮುತ್ತುಗದ ಎಲೆಯ ಮೇಲೆ ಬಿಚ್ಚಿ ಇಟ್ಟು ಅವನ ಮುಂದೆ ಹಿಡಿದೆ. ದೊಡ್ಡವ್ವ ನಿನಗೆ ಅಂತ ಇಟ್ಟದ್ದು ಎಂದೆ. ಬೆಲ್ಲ ಕಪ್ಪಾಗಿತ್ತು, ಅಂಚಿನಲ್ಲಿ ರಾಗಿ ಕಾಳು ಅಂಟಿತ್ತು. ಅವನು ಆ ಮಡಚದ ಬೆರಳುಗಳಿಂದ ಎತ್ತಿಕೊಂಡು, ಅಲ್ಲೇ ನಿಂತು, ಒಂದು ಚೂರೂ ಬಿಡದೆ ತಿಂದ. ತಿನ್ನುತ್ತಾ ಅಳುತ್ತಿದ್ದ. ನೀರು ಕೇಳಿದ, ಕೊಟ್ಟೆ.

ಆಮೇಲೆ ಪೆಟ್ಟಿಗೆ ಎತ್ತಿಕೊಂಡು ನಾಲೆಯ ಏರಿಯ ಮೇಲೆ ಹೊರಟ, ಅವಳು ಹೋದ ದಾರಿಯಲ್ಲೇ. ಎಲ್ಲಿಗೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಹತ್ತು ಹೆಜ್ಜೆ ಹೋಗುವ ತನಕ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಸಿದ್ದ," ಎಂದು ಕೂಗಿದೆ. "ಓಗ್ಬಾ ಕಣ್ಲಾ."

ಅವನು ತಿರುಗಿ ನೋಡಲಿಲ್ಲ. ಕೇಳಿಸಿತೋ ಇಲ್ಲವೋ. ಆ ಮಾತನ್ನು ಅದೇ ಜಾಗದಲ್ಲಿ ನಿಂತು ಇನ್ನೊಬ್ಬರಿಗೆ ಹೇಳಬೇಕಿತ್ತು, ಹತ್ತು ತಿಂಗಳು ತಡವಾಯಿತು.